ಟರ್ಕಿ ಬೇಟೆಗೆ ಯಾವ ಚೋಕ್, ಯಾವ ತೋಟಾ: ಮೂರು ವಸಂತಗಳ ಹೋಲಿಕೆ

ಕಾಡು ಟರ್ಕಿಯ ಹುಂಜ ಎಂಟರಿಂದ ಹತ್ತು ಕಿಲೋ ತೂಗುವ ದೊಡ್ಡ ಹಕ್ಕಿಯಾದರೂ ಬೇಟೆಗಾರನಿಗೆ ಸಿಗುವ ಗುರಿ ಬಹಳ ಚಿಕ್ಕದು. ಒತ್ತಾದ ಗರಿ ಮತ್ತು ದಪ್ಪ ಎದೆಮಾಂಸದ ಮೇಲೆ ಬಿದ್ದ ಚರೆ ಹಕ್ಕಿಯನ್ನು ಅಲ್ಲೇ ಕೆಡವುವುದಿಲ್ಲ. ಗಾಯಗೊಂಡ ಹಕ್ಕಿ ಪೊದೆಯೊಳಗೆ ನುಸುಳಿ ನರಳಿ ಸಾಯುತ್ತದೆ. ಆದ್ದರಿಂದ ಗೇಣುದ್ದದ ತಲೆ ಮತ್ತು ಕತ್ತಿನ ಮೇಲೆ ಸಾಕಷ್ಟು ಚರೆಗಳು ಒಟ್ಟಿಗೇ ಬೀಳಬೇಕು. ಈ ಒಂದು ಅಗತ್ಯಕ್ಕಾಗಿ ನಳಿಗೆಯ ತುದಿಗೆ ಯಾವ ಚೋಕ್ ಹಾಕಬೇಕು, ಒಳಗೆ ಯಾವ ತೋಟಾ ತುಂಬಬೇಕು ಎಂಬುದನ್ನು ಅಮೆರಿಕದ ಮಿಸೌರಿ ರಾಜ್ಯದ ಓಜಾರ್ಕ್ ಗುಡ್ಡಗಳಲ್ಲಿ ಮೂರು ವಸಂತಗಳ ಕಾಲ ಪರೀಕ್ಷಿಸಿ ನೋಡಿದ್ದೇನೆ.

ಕೊಡಗಿನ ನಮ್ಮ ಮನೆಯಲ್ಲಿದ್ದ ಜೋಡುನಳಿಗೆ ಕೋವಿಯಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಒಂದು ನಳಿಗೆಯ ಬಾಯಿ ತುಸು ಕಿರಿದು, ಇನ್ನೊಂದರದು ಇನ್ನಷ್ಟು ಕಿರಿದು. ತಯಾರಾದಾಗ ಹೇಗಿತ್ತೋ ಕೊನೆಯವರೆಗೂ ಹಾಗೆಯೇ. ಕೈಲ್‌ಪೊಳ್ದ್ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವಾಗ ಹಿರಿಯರು ಯಾವ ನಳಿಗೆಯಿಂದ ಈಡು ಹಾರಿಸಬೇಕೆಂದು ಹೇಳುತ್ತಿದ್ದರು, ಅಷ್ಟೇ. ಇಲ್ಲಿನ ಕೋವಿಗಳಲ್ಲಿ ಚೋಕ್ ಎಂಬುದು ತಿರುಪಿನಿಂದ ಕೂರಿಸುವ ಪುಟ್ಟ ಕೊಳವೆ. 12 ಬೋರಿನ ನಳಿಗೆಯ ಒಳವ್ಯಾಸ ಸಾಮಾನ್ಯವಾಗಿ 0.729 ಅಂಗುಲ; ಚೋಕ್ ಅದನ್ನು ತುದಿಯಲ್ಲಿ ಕಿರಿದಾಗಿಸಿ, ಚರೆಗಳು ಬೇಗ ಚೆದುರದಂತೆ ನೋಡಿಕೊಳ್ಳುತ್ತದೆ.

ನಾನು ಹೋಲಿಸಿದ್ದು 12 ಬೋರಿನ ಒಂದು ಪಂಪ್ ಕೋವಿಗೆ ಮೂರು ಚೋಕ್‌ಗಳನ್ನು, ಜೊತೆಗೆ ಅದಕ್ಕಿಂತ ಕಿರಿದಾದ ನಳಿಗೆಯ 20 ಬೋರಿನ ಕೋವಿಗೆ 0.565 ಅಂಗುಲದ ಒಂದು ಚೋಕನ್ನು. 12 ಬೋರಿನ ಮೂರರಲ್ಲಿ ಒಂದು ಕೋವಿಯ ಜೊತೆಗೇ ಬಂದ 0.695 ಅಂಗುಲದ ಫುಲ್ ಚೋಕ್. ಉಳಿದೆರಡು ಟರ್ಕಿ ಬೇಟೆಗೆಂದೇ ಮಾರುವ 0.665 ಮತ್ತು 0.640 ಅಂಗುಲದವು. ತೋಟಾಗಳಲ್ಲಿ ಸಾಧಾರಣ ಸೀಸದ 6ನೇ ನಂಬರು, ತಾಮ್ರದ ಲೇಪ ಕೊಟ್ಟು ರಾಳದಲ್ಲಿ ಕೂರಿಸಿದ ಸೀಸದ 5ನೇ ನಂಬರು, ಹಾಗೂ ಟಿಎಸ್‌ಎಸ್ ಎಂದು ಕರೆಯುವ ಟಂಗ್‌ಸ್ಟನ್ ಚರೆಯ 9ನೇ ನಂಬರು. ಮಿಸೌರಿಯಲ್ಲಿ 4ನೇ ನಂಬರಿಗಿಂತ ದಪ್ಪ ಚರೆಯನ್ನು ಟರ್ಕಿ ಬೇಟೆಗೆ ಬಳಸುವಂತಿಲ್ಲ. ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು ಎಂಬುದನ್ನು ಹೊಸಬರು ನೆನಪಿಡಬೇಕು.

ಪರೀಕ್ಷೆಯ ಕ್ರಮ ಸರಳವಾಗಿತ್ತು. ಮೂರಡಿ ಅಗಲದ ಕಂದು ಕಾಗದವನ್ನು ಹಲಗೆಗೆ ಬಿಗಿದು, ಟೇಪು ಹಿಡಿದು 20 ಮತ್ತು 40 ಗಜ ಅಳೆದು, ಮರಳು ಚೀಲದ ಮೇಲೆ ಕೋವಿಯನ್ನು ಊರಿ ಪ್ರತಿ ಜೋಡಿಗೂ ಮೂರು ಮೂರು ಈಡು ಹಾರಿಸಿದೆ. ಆಮೇಲೆ ಚರೆ ಹೆಚ್ಚು ಒತ್ತಾಗಿ ಬಿದ್ದ ಕಡೆ 10 ಅಂಗುಲದ ವೃತ್ತ ಎಳೆದು, ಒಂದೊಂದು ತೂತಿಗೂ ಪೆನ್ಸಿಲ್ ಗುರುತು ಹಾಕುತ್ತ ಎಣಿಸಿದೆ. 40 ಗಜದಲ್ಲಿ ಈ ವೃತ್ತದೊಳಗೆ 100 ಚರೆಯಾದರೂ ಬೀಳಬೇಕು ಎಂಬುದು ಇಲ್ಲಿನ ಬೇಟೆಗಾರರು ಒಪ್ಪಿಕೊಂಡ ಅಳತೆ.

ಫುಲ್ ಚೋಕಿನಲ್ಲಿ ಸಾಧಾರಣ ಸೀಸ ಸರಾಸರಿ 64ಕ್ಕೆ ನಿಂತಿತು. ಅದೇ ಚೋಕಿನಲ್ಲಿ ರಾಳದ ತೋಟಾ 92ಕ್ಕೆ ಏರಿತು. ಮೆತ್ತಗಿನ ಸೀಸದ ಚರೆಗಳು ಸಿಡಿಯುವ ಒತ್ತಡಕ್ಕೆ ಒಂದಕ್ಕೊಂದು ತಿಕ್ಕಿ ಚಪ್ಪಟೆಯಾಗುತ್ತವೆ, ಚಪ್ಪಟೆಯಾದದ್ದು ಗಾಳಿಯಲ್ಲಿ ದಾರಿ ತಪ್ಪುತ್ತದೆ. ರಾಳ ಮತ್ತು ತಾಮ್ರದ ಲೇಪ ಅದನ್ನು ತಡೆಯುತ್ತವೆ. ಹೊಸ ಚೋಕ್ ಕೊಳ್ಳುವ ಮೊದಲು ಒಳ್ಳೆಯ ತೋಟಾ ಕೊಂಡು ನೋಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ರಾಳದ ತೋಟಾವನ್ನೇ 0.665ರ ಚೋಕಿನಲ್ಲಿ ಹಾರಿಸಿದಾಗ 118 ಬಂತು, ವೃತ್ತದೊಳಗೆ ಎಲ್ಲಿಯೂ ಅಂಗೈಯಗಲದ ಖಾಲಿ ಜಾಗ ಉಳಿಯಲಿಲ್ಲ. 0.640ರಲ್ಲಿ 121. ಕೇವಲ ಈ ಲೆಕ್ಕ ನೋಡಿದರೆ ಅತಿ ಕಿರಿದಾದದ್ದೇ ಗೆದ್ದಂತೆ ಕಾಣುತ್ತದೆ, ನಾನೂ ಮೊದಲ ವರ್ಷ ಹಾಗೆಯೇ ತಿಳಿದು ಅದನ್ನೇ ಕಾಡಿಗೆ ಒಯ್ದೆ.

ಏಪ್ರಿಲ್ ಕೊನೆಯ ವಾರ, ಬೆಳಕು ಹರಿದು ಅರ್ಧ ಗಂಟೆಯಾಗಿತ್ತು. ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ ನನ್ನ ಕರೆಗೆ ಓಗೊಡುತ್ತ ಹುಂಜವೊಂದು ಇಳಿಜಾರು ಹತ್ತಿ ಬಂತು. ಕೆಂಪು ಕತ್ತು, ನೀಲಿ ಕೆನ್ನೆ, ಸುಣ್ಣ ಬಳಿದಂಥ ನೆತ್ತಿ. ಎದೆಯಿಂದ ಜೋತ ಕೂದಲಿನ ಗೊಂಚಲು ನೆಲ ಸವರುತ್ತಿತ್ತು. ಹೆಜ್ಜೆ ಹಾಕಿ ಆಮೇಲೆ ಅಳೆದಾಗ ದೂರ 16 ಗಜ. ಅದು ಕತ್ತೆತ್ತಿ ನಿಂತಾಗ ಟ್ರಿಗರ್ ಒತ್ತಿದೆ, ಒಂದು ಗರಿಯೂ ಉದುರಲಿಲ್ಲ. ಮನೆಗೆ ಮರಳಿ 20 ಗಜದ ಕಾಗದಗಳನ್ನು ಬಿಡಿಸಿ ನೋಡಿದಾಗ ಕಾರಣ ಕಣ್ಣಿಗೆ ಕಟ್ಟಿದಂತಿತ್ತು: 0.640ರ ಈಡು ಅಂಗೈಯಷ್ಟೇ ಜಾಗದಲ್ಲಿ ಕಾಗದವನ್ನು ಹರಿದು ತೂತು ಮಾಡಿತ್ತು, ಅದರ ನಡುಬಿಂದು ಗುರಿಗಿಂತ ನಾಲ್ಕು ಅಂಗುಲ ಎಡಕ್ಕಿತ್ತು. ಕೊಳವೆ ನಳಿಗೆಯ ನೇರಕ್ಕೆ ಕೂರದಿದ್ದರೆ ಹೀಗಾಗುತ್ತದೆ. 40 ಗಜದ ಎಣಿಕೆಯ ಸಂಭ್ರಮದಲ್ಲಿ ನಾನು ವೃತ್ತವನ್ನು ಚರೆ ಬಿದ್ದ ಕಡೆ ಎಳೆದೆನೇ ಹೊರತು ಗುರಿಯಿಂದ ಅದೆಷ್ಟು ಸರಿದಿದೆ ಎಂದು ಅಳೆದಿರಲೇ ಇಲ್ಲ. 0.665ರ ಚೋಕ್ 20 ಗಜದಲ್ಲಿ ತಿಂಡಿ ತಟ್ಟೆಯಷ್ಟು ಹರಡುತ್ತದೆ, ಕೈ ಅಲುಗಿ ಗುರಿ ಎರಡಂಗುಲ ಸರಿದರೂ ಕತ್ತು ತಪ್ಪುವುದಿಲ್ಲ. ದೂರದಲ್ಲಿ ಮೂರು ಚರೆ ಹೆಚ್ಚು ಸಿಗುವುದಕ್ಕಾಗಿ ಹತ್ತಿರದ ಈ ಅವಕಾಶವನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಒತ್ತಾದ ಕಾಡಿನಲ್ಲಿ ನಾನು ಹಾರಿಸಿದ ಈಡುಗಳಲ್ಲಿ ಹೆಚ್ಚಿನವು 30 ಗಜದ ಒಳಗಿನವೇ.

ಇನ್ನು 20 ಬೋರು ಮತ್ತು ಟಿಎಸ್‌ಎಸ್. ಈ ಚರೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 18 ಗ್ರಾಂ, ಸೀಸದ್ದು 11ರ ಆಸುಪಾಸು. ಹಾಗಾಗಿ ರಾಗಿ ಕಾಳಿಗಿಂತ ತುಸು ದಪ್ಪನಾದ 9ನೇ ನಂಬರಿನ ಟಂಗ್‌ಸ್ಟನ್ ಚರೆಯೂ ಸೀಸದ 5ನೇ ನಂಬರಿಗೆ ಸರಿಸಮನಾಗಿ ಒಳಗೆ ಇಳಿಯುತ್ತದೆ, ಸಣ್ಣದಾದ್ದರಿಂದ ಒಂದೂವರೆ ಔನ್ಸಿನಲ್ಲಿ 500ಕ್ಕೂ ಹೆಚ್ಚು ಚರೆ ಹಿಡಿಸುತ್ತದೆ. ನನ್ನ ಕಾಗದದಲ್ಲಿ 40 ಗಜದ ಸರಾಸರಿ 214. ಮೂರಂಗುಲದ 12 ಬೋರಿನ ತೋಟಾ ಹೆಗಲಿಗೆ ಒದೆಯುವ ಒದೆತಕ್ಕೆ ಹೋಲಿಸಿದರೆ ಇದು ಸಹನೀಯ, ಆದರೆ 20 ಬೋರು ಒದೆಯುವುದೇ ಇಲ್ಲ ಎನ್ನುವವರ ಮಾತನ್ನು ನಂಬಬೇಡಿ. ಹಗುರವಾದ ಕೋವಿಯಲ್ಲಿ ಅದೂ ಚುರುಕಾಗಿಯೇ ತಾಗುತ್ತದೆ. ತೊಡಕಿರುವುದು ಬೆಲೆಯಲ್ಲಿ. ನಾನು ಕೊಂಡಾಗ ಐದು ತೋಟಾಗಳ ಪೆಟ್ಟಿಗೆಗೆ 55 ಡಾಲರ್ ತೆತ್ತೆ. ರಾಳದ ಸೀಸದ್ದು ಹತ್ತಕ್ಕೆ 26 ಡಾಲರ್. ದುಬಾರಿಯೆಂದು ಕಾಗದದ ಮೇಲೆ ಹಾರಿಸದೆ ನೇರವಾಗಿ ಕಾಡಿಗೆ ಹೋಗುವವರಿದ್ದಾರೆ, ಅದಕ್ಕಿಂತ ಸೀಸವನ್ನೇ ಚೆನ್ನಾಗಿ ಪರೀಕ್ಷಿಸಿ ಬಳಸುವುದು ಹಕ್ಕಿಯ ದೃಷ್ಟಿಯಿಂದ ಮೇಲು.

ಗುಡ್ಡ ಹತ್ತಿ ಇಳಿಯುವ ದಿನಗಳಲ್ಲಿ ನಾನು 20 ಬೋರನ್ನೇ ಹೊರುತ್ತೇನೆ. ಒಂದೇ ಕಡೆ ಕೂತು ಕರೆಯುವ ದಿನ, ಅಥವಾ ಹೊಸಬರಿಗೆ ಒಂದೇ ಕೋವಿ, ಒಂದೇ ಚೋಕ್ ಹೇಳಬೇಕಾದಾಗ, 12 ಬೋರು, 0.665, ರಾಳದ 5ನೇ ನಂಬರು. 214 ಚರೆ ಬೀಳುತ್ತದೆಂದು 60 ಗಜಕ್ಕೆ ಹಾರಿಸುವುದು ಸಲ್ಲದು, ನನ್ನ ಗೆರೆ ಎರಡಕ್ಕೂ 40 ಗಜವೇ. ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ: ಟರ್ಕಿಯ ಬಿಗಿ ಚೋಕಿನಲ್ಲಿ ಉಕ್ಕಿನ ಚರೆಯನ್ನು ಹಾರಿಸಬಾರದು, ಗಟ್ಟಿ ಉಕ್ಕು ಕುಗ್ಗದೆ ಕೊಳವೆಯನ್ನು ಉಬ್ಬಿಸಿ ನಳಿಗೆಗೂ ಹಾನಿ ಮಾಡಬಲ್ಲದು. ಬಾತುಕೋಳಿ ಬೇಟೆಯ ಉಕ್ಕಿನ ತೋಟಾಗಳನ್ನು ನಾನು ಬೇರೆಯೇ ಪೆಟ್ಟಿಗೆಯಲ್ಲಿ, ಬೇರೆಯೇ ಕಪಾಟಿನಲ್ಲಿ ಇಡುತ್ತೇನೆ.