ಕಂಬಳಿ ಪಾರ್ಸಲ್‌ಗೆ ವ್ಯಾಕ್ಯೂಮ್ ಚೀಲ: ಕೆಲಸ ಚೆನ್ನ, ಜಿಪ್ ದುರ್ಬಲ

ಚಿತ್ರದುರ್ಗದಲ್ಲಿ ಕೂತು ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಗಿರಾಕಿಗಳು ಹೆಚ್ಚಾಗಿ ಹೊರದೇಶದಲ್ಲಿರುವ ನಮ್ಮವರು. ಕೈಪಂಪಿನಿಂದ ಗಾಳಿ ಎಳೆಯುವ ಈ ಚೀಲಗಳನ್ನು ಹೋದ ವರ್ಷದ ಚಳಿಗಾಲದಿಂದ ಬಳಸುತ್ತಿದ್ದೇನೆ. ಮೂರು ಸ್ಟಾರ್ ಕೊಟ್ಟಿದ್ದೇನೆ, ಕಡಿಮೆಯಾದ ಎರಡೂ ಜಿಪ್ಪಿನ ಲೆಕ್ಕಕ್ಕೆ.

ಕಂಬಳಿಗೆ ತೂಕಕ್ಕಿಂತ ಗಾತ್ರದ್ದೇ ಕಾಟ. ಕೊರಿಯರ್‌ನವರು ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬರುವ ಕೆಜಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. ನನ್ನ ದೊಡ್ಡ ಕಂಬಳಿ ಎರಡೂವರೆ ಕೆಜಿ. ಸುಮ್ಮನೆ ಮಡಿಸಿಟ್ಟರೆ 40×30×20ರ ಬಾಕ್ಸ್ ಬೇಕು, ಅಂದರೆ 4.8 ಕೆಜಿ. ಗಾಳಿ ತೆಗೆದರೆ ಎತ್ತರ 10ಕ್ಕೆ ಇಳಿಯುತ್ತದೆ, ನಿಜ ತೂಕಕ್ಕಷ್ಟೇ ಬಿಲ್. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್‌ವರೆಗಿನ ಪಾರ್ಸಲ್‌ಗಿದ್ದ ಸುಂಕ ವಿನಾಯಿತಿ ತೆಗೆದುಹಾಕಿದ ಮೇಲೆ ಸಾಗಾಣಿಕೆಯಲ್ಲಿ ಉಳಿಯುವ ಒಂದೊಂದು ರೂಪಾಯಿಯೂ ನನಗೆ ಮುಖ್ಯ.

ಸಿಟ್ಟು ಬರುವುದು ಇಲ್ಲೇ. ಸಂಜೆ ಹಲಗೆಯಂತೆ ಗಟ್ಟಿಯಾಗಿದ್ದ ಚೀಲ ಬೆಳಗ್ಗೆ ಮೆತ್ತಗಾಗಿರುತ್ತದೆ. ಬಾಕ್ಸಿನೊಳಗೆ ಹಾಗಾದರೆ ಹೊಟ್ಟೆ ಉಬ್ಬುತ್ತದೆ. ಕೊರಿಯರ್‌ನವರು ಪಾರ್ಸಲ್ ವಿಂಗಡಿಸುವ ಹಬ್‌ನಲ್ಲಿ ಯಂತ್ರ ಮತ್ತೆ ಅಳೆಯುತ್ತದೆ, 10 ಇದ್ದದ್ದು 13 ಎಂದು ಬಂದರೆ 3.12 ಕೆಜಿ. ಮುಂದಿನ ಅರ್ಧ ಕೆಜಿಗೆ ಏರಿಸುವ ಲೆಕ್ಕದಲ್ಲಿ ಅದು ಮೂರೂವರೆ. ವ್ಯತ್ಯಾಸದ ಬಿಲ್ ವಾರಗಳ ಮೇಲೆ ಬರುತ್ತದೆ, ಅಷ್ಟರಲ್ಲಿ ಗಿರಾಕಿಯ ಲೆಕ್ಕ ಮುಗಿದಿರುತ್ತದೆ. ಒಂದು ಕೆಜಿಯ ದರ ಕೈಯಿಂದ ಹೋಗುತ್ತದೆ.

ಜಿಪ್ಪನ್ನು ಬೆಳಕಿಗೆ ಹಿಡಿದು ನೋಡಿದಾಗ ಕಾರಣ ಕಂಡಿತು. ಎರಡು ಗೀರುಗಳ ನಡುವೆ ಒಂದೇ ಒಂದು ಕರಿ ಕೂದಲು ಅಡ್ಡ ಮಲಗಿತ್ತು. ನಮ್ಮ ದೇಸಿ ಕುರಿಯ ಉಣ್ಣೆ ಒರಟು, ಕೂದಲು ದಪ್ಪ. ಅದು ಸಿಕ್ಕಿಕೊಂಡ ಕಡೆ ಜಿಪ್ ಕೂರುವುದಿಲ್ಲ, ರಾತ್ರಿಯಿಡೀ ಗಾಳಿ ನುಸುಳುತ್ತದೆ. ಹತ್ತಿಯ ರಜಾಯಿ ಇಡುವವರಿಗೆ ಈ ತೊಂದರೆ ಗೊತ್ತೇ ಆಗಲಿಕ್ಕಿಲ್ಲ. ಆದರೆ ಡಬ್ಬಿಯ ಮೇಲೆ ಕಂಬಳಿಯ ಚಿತ್ರವನ್ನೇ ಹಾಕಿ ಮಾರುವವರು ಜಿಪ್ಪನ್ನು ಇನ್ನೊಂದು ಸಾಲು ದಪ್ಪ ಮಾಡಬೇಕಿತ್ತು.

ಈಗ ಬಾಯಿಯ ಅಂಚಿಗೆ ಹಳೆಯ ಪಂಚೆಯ ತುಂಡು ಹಾಸಿ ಕಂಬಳಿ ಒಳಗೆ ಜಾರಿಸುತ್ತೇನೆ, ಒದ್ದೆ ಬಟ್ಟೆಯಿಂದ ಗೀರು ಒರೆಸುತ್ತೇನೆ, ಒಣಗಿದ ಮೇಲೆ ಹೆಬ್ಬೆರಳಿನಲ್ಲೇ ಒತ್ತುತ್ತೇನೆ. ಜೊತೆಗೆ ಬಂದ ಪ್ಲಾಸ್ಟಿಕ್ ಕ್ಲಿಪ್ ಉಪಯೋಗಕ್ಕಿಲ್ಲ. ಗಾಳಿ ತೆಗೆದ ಮೇಲೆ ಹತ್ತಿ ಹಗ್ಗದಿಂದ ನಾಲ್ಕೂ ಕಡೆ ಕಟ್ಟಿ ರಾತ್ರಿ ಬಿಟ್ಟು, ಬೆಳಗ್ಗೆಯೂ ಗಟ್ಟಿಯಿದ್ದರೆ ಮಾತ್ರ ಬಾಕ್ಸಿಗೆ.

ಇಷ್ಟು ಬೈದರೂ ಚೀಲ ಬಿಡುವ ಮನಸ್ಸಿಲ್ಲ. ಪ್ಯಾಕಿಂಗ್ ದಿನ ಕಂಬಳಿಯನ್ನು ತಾರಸಿಯ ಮೇಲೆ ಹರವುತ್ತೇನೆ. ನೇಯುವ ಮುಂಚೆ ಹಾಸಿನ, ಅಂದರೆ ಉದ್ದಕ್ಕೆ ಓಡುವ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ, ಅದರಲ್ಲಿ ತೇವ ಉಳಿದರೆ ಬೂಷ್ಟು. ಮಧ್ಯಾಹ್ನ ಮಗುಚಿ ಹಾಕಿ, ಬಿಸಿಲು ಇಳಿದ ಮೇಲೆ ಕೊಡವಿ, ಹುಲ್ಲುಕಡ್ಡಿ, ಮುಳ್ಳು ಒಂದೊಂದೇ ಹೆಕ್ಕುತ್ತೇನೆ. ಈ ಕೆಲಸ ನನಗೆ ತುಂಬಾ ಇಷ್ಟ. ಡಾಂಬರ್ ಗುಳಿಗೆ ಹಾಕುವಂತಿಲ್ಲ, ಅದರಲ್ಲಿರುವ ನ್ಯಾಫ್ತಲೀನ್ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಹಾಗಾಗಿ ಒಣಗಿದ ಕಂಬಳಿಯನ್ನು ಒಣಗಿದಂತೆಯೇ, ನುಸಿ ಮುಟ್ಟದಂತೆ ದಾಟಿಸಲು ನನಗೆ ಈ ಚೀಲವೇ ಗತಿ. ಮಳೆಗಾಲದಲ್ಲಿ ಬಾಕ್ಸ್ ನೆನೆದು ತಲುಪಿದಾಗಲೂ ಒಳಗೆ ಹನಿ ನೀರು ಇರಲಿಲ್ಲವೆಂದು ಗಿರಾಕಿ ಫೋಟೋ ಕಳಿಸಿದ್ದರು. ಚೀಲ ಪಾರದರ್ಶಕವಾದ್ದರಿಂದ ಕಸ್ಟಮ್ಸ್‌ನವರಿಗೂ ಒಳಗಿರುವುದು ಬಿಚ್ಚದೆಯೇ ಕಾಣುತ್ತದೆ. ಬಿಚ್ಚಿದರೆ ಮತ್ತೆ ಪಂಪ್ ಹಾಕುವವರು ಯಾರು?

ತಲುಪಿದ ದಿನವೇ ತೆಗೆದು ನೆರಳಲ್ಲಿ ಹರವಿ ಎಂದು ಚೀಟಿ ಇಡಿ, ಒರಟು ಉಣ್ಣೆ ಬೇಗ ಅರಳುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆ ಕಳಿಸುವವರು ಮಾತ್ರ ಇದರ ಹತ್ತಿರ ಬರಬೇಡಿ. ಒತ್ತಡಕ್ಕೆ ಜರಿ ಅಂಚಿನಲ್ಲಿ ಬಿದ್ದ ಮಡಿಕೆ ಹೋಗುವುದಿಲ್ಲ, ಸೀರೆಗೆ ಮಸ್ಲಿನ್ ಬಟ್ಟೆ, ಚಪ್ಪಟೆ ಬಾಕ್ಸ್ ಸಾಕು.