ಡಿಸ್ಕ್ ಸತ್ತಿರಲಿಲ್ಲ, ಡ್ರೈವರ್ ಬೇಕಿತ್ತು: ಗದಗದ ಒಂದು ರಿಪೇರಿ ಅಂಗಡಿ

ಲ್ಯಾಪ್‌ಟಾಪ್‌ಗೆ ಹೊಸದಾಗಿ ವಿಂಡೋಸ್ ಹಾಕಿಸಬೇಕು, ಆದರೆ ಒಳಗಿನ ಒಂದು ಫೈಲೂ ಹೋಗಬಾರದು ಅನ್ನುವವರು ಗದಗದ ಮುಳಗುಂದ ನಾಕಾ ಕಡೆಗಿನ ಈ ಅಂಗಡಿಗೆ ಧೈರ್ಯವಾಗಿ ಹೋಗಿ. ದೊಡ್ಡ ಬೋರ್ಡ್ ಇಲ್ಲ. ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ, ಒಂದು ಉದ್ದನೆಯ ಮೇಜು, ಕೆಲಸಕ್ಕೆ ಮಾಲೀಕರು ಮತ್ತು ಒಬ್ಬ ಹುಡುಗ, ಅಷ್ಟೇ.

ನನ್ನದು ಡಿಟಿಪಿ ಕೆಲಸ. ಗದಗಕ್ಕೆ ಮುದ್ರಣ ಕಾಶಿ ಅಂತಲೇ ಹೆಸರು, ಪ್ರೆಸ್ಸುಗಳಿಗೆ ಇಲ್ಲಿ ಬರವಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ಎಲ್ಲಾ ಲ್ಯಾಪ್‌ಟಾಪಿನ ಡಿ ಡ್ರೈವ್‌ನಲ್ಲಿ ಇರುತ್ತವೆ. ಸರಿಯಾಗಿ ಲಗ್ನದ ಸೀಜನ್‌ನಲ್ಲಿ ವಿಂಡೋಸ್ ಏಳುವುದನ್ನೇ ಬಿಟ್ಟಿತು. ರಿಪೇರಿ ಮಾಡುತ್ತಿದ್ದೇನೆ ಅನ್ನುವ ನೀಲಿ ಪರದೆ ಬರುವುದು, ಮತ್ತೆ ಅಲ್ಲಿಗೇ ವಾಪಸ್ ಬರುವುದು. ಮೊದಲು ತೋರಿಸಿದ ಕಡೆ ವಿಂಡೋಸ್ 11ರ ಪೆನ್‌ಡ್ರೈವ್ ಹಾಕಿದರು. ಎಲ್ಲಿ ಇನ್‌ಸ್ಟಾಲ್ ಮಾಡಲಿ ಅಂತ ಕೇಳುವ ಪರದೆಯಲ್ಲಿ ಒಂದು ಡಿಸ್ಕೂ ಇರಲಿಲ್ಲ. ಎಸ್‌ಎಸ್‌ಡಿ, ಅಂದರೆ ಫೈಲು ಎಲ್ಲಾ ಇರುವ ಡಿಸ್ಕ್, ಹೋಗಿದೆ, ಹೊಸದು ಹಾಕಬೇಕು, ಹಳೆಯದರ ಆಸೆ ಬಿಡಿ ಅಂದರು. ಗಿರಾಕಿಗಳ ಫೈಲು ಅಂದರೆ ನಮಗೆ ಅನ್ನ. ಅದನ್ನು ಅಷ್ಟು ಸುಲಭವಾಗಿ ಬಿಡಿ ಅಂದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಈ ಅಂಗಡಿಯ ಹುಡುಗ ಸ್ಕ್ರೂ ಡ್ರೈವರ್ ಮುಟ್ಟಲಿಲ್ಲ. ಮೊದಲು ಸುಮ್ನೆ ಆನ್ ಮಾಡಿ ನೋಡಿದ. "ಅಕ್ಕಾರ, ಈ ರಿಪೇರಿ ಪರದೆ ಡಿಸ್ಕ್‌ನಿಂದನ ಬರತೈತ್ರೀ. ಡಿಸ್ಕ್ ಸತ್ತಿದ್ರ ಇದು ಹೆಂಗ ಬರತಿತ್ತು?" ಅಂದ. ಆಮೇಲೆ ವಿಂಡೋಸ್‌ಗಿಂತ ಮೊದಲೇ ಬರುವ ಸೆಟ್ಟಿಂಗ್ ಪರದೆ, ಬಯೋಸ್, ತೆರೆದು ಎಸ್‌ಎಸ್‌ಡಿಯ ಹೆಸರು ಅಲ್ಲಿ ಇದ್ದದ್ದನ್ನು ಬೆರಳಿಟ್ಟು ತೋರಿಸಿದ. ನನಗೆ ಅಲ್ಲೇ ಅರ್ಧ ಜೀವ ಬಂತು.

ಪೆನ್‌ಡ್ರೈವ್ ಹಾಕಿದಾಗ ಡಿಸ್ಕ್ ಕಾಣದ್ದಕ್ಕೆ ಕಾರಣ ಇಷ್ಟೇ. ನನ್ನದು ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್. 2020ರಲ್ಲಿ ಬಂದ ಆ ತಲೆಮಾರಿನಿಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ಸೆಟ್ಟಿಂಗ್ ಕಂಪನಿಯಿಂದಲೇ ಆನ್ ಆಗಿ ಬರುತ್ತದೆ. ಆಗ ಎಸ್‌ಎಸ್‌ಡಿ ನೇರವಾಗಿ ಕಾಣುವುದಿಲ್ಲ, ವಿಎಂಡಿ ಕಂಟ್ರೋಲರ್ ಹಿಂದೆ ಇರುತ್ತದೆ. ಆ ಕಂಟ್ರೋಲರ್‌ನ ಡ್ರೈವರ್, ಅಂದರೆ ಅದರ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಣ್ಣ ಸಾಫ್ಟ್‌ವೇರ್, ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದರೆ ಪಟ್ಟಿ ಖಾಲಿ. ಹುಡುಗ ಅದಕ್ಕೆ ಬೇಕಾದ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಇಳಿಸಿಕೊಂಡ. ಅದು ಬರುವುದು ಇಎಕ್ಸ್‌ಇ ಫೈಲ್ ಆಗಿ. ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ಉಪಯೋಗವಿಲ್ಲ, ಬಿಚ್ಚಿ ಒಳಗಿನ ಐಎನ್‌ಎಫ್ ಫೈಲ್ ಇರುವ ಫೋಲ್ಡರ್ ಕೊಡಬೇಕು. ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿದ ಕೂಡಲೇ ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ 9ಎ0ಬಿ ಅಂತ ಒಂದು ಸಾಲು ಬಂತು. ಅದನ್ನು ಆರಿಸಿದ. ಖಾಲಿ ಪಟ್ಟಿಯಲ್ಲಿ ನನ್ನ ಪಾರ್ಟಿಶನ್‌ಗಳೆಲ್ಲ, ಅಂದರೆ ಡಿಸ್ಕ್‌ನ ಸಿ, ಡಿ ಥರದ ಭಾಗಗಳು, ಬಂದು ನಿಂತವು.

ಇದಾದ ಮೇಲೆ ಅವನು ಮಾಡಿದ ಕೆಲಸವೇ ನನಗೆ ಜಾಸ್ತಿ ಹಿಡಿಸಿದ್ದು. ನೆಕ್ಸ್ಟ್ ಒತ್ತಲೇ ಇಲ್ಲ. ಶಿಫ್ಟ್ ಮತ್ತು ಎಫ್10 ಒತ್ತಿ ಕಪ್ಪು ಕಿಟಕಿ ತೆರೆದ, ಅದರಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿದ. ನೋಟ್‌ಪ್ಯಾಡ್‌ನ ಓಪನ್ ಕಿಟಕಿಯಲ್ಲಿ ಡಿಸ್ಕ್ ಒಳಗಿನ ಫೋಲ್ಡರ್‌ಗಳು ಕಾಣುತ್ತವೆ. ಇನ್‌ಸ್ಟಾಲ್ ವೇಳೆ ಡ್ರೈವ್ ಅಕ್ಷರಗಳು ಅದಲುಬದಲಾಗಬಹುದು. ನನ್ನ ಡಿ ಅಲ್ಲಿ ಇ ಆಗಿತ್ತು. ಅದಕ್ಕೇ ಅಕ್ಷರ ನಂಬದೆ ಒಳಗೆ ಹೋಗಿ ನೋಡಿದ. ಬೆಟಗೇರಿಯ ಗಿರಾಕಿಯ ಲಗ್ನಪತ್ರಿಕೆ, ನುಡಿ ಫಾಂಟ್‌ಗಳ ಫೋಲ್ಡರ್, ಎಲ್ಲಾ ಇದ್ದ ಹಾಗೇ ಇತ್ತು. ಅಲ್ಲಿಂದಲೇ ನನ್ನ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಆ ಡಿಸ್ಕ್ ಕಿತ್ತು ನನ್ನ ಕೈಗೆ ಕೊಟ್ಟ. ಅದು ಹೊರಗಿದ್ದರೆ ತಪ್ಪಿ ಫಾರ್ಮ್ಯಾಟ್ ಆಗುವ ಪ್ರಶ್ನೆಯೇ ಇಲ್ಲ, ಅಲ್ವಾ.

ಪಾರ್ಟಿಶನ್ ಆರಿಸುವಾಗಲೂ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. 512 ಜಿಬಿ ಎಸ್‌ಎಸ್‌ಡಿ ಅಲ್ಲಿ ಒಟ್ಟು 476 ಜಿಬಿ ತೋರಿಸುತ್ತದೆ. ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರ ಲೆಕ್ಕ, ಕಡಿಮೆ ಕಂಡರೆ ಮೋಸ ಅಂತ ತಿಳಿಯಬೇಡಿ ಅಂದ. ವಿಂಡೋಸ್ ಏಳಲು ಬೇಕಾದ 100 ಎಂಬಿಯ ಇಎಫ್‌ಐ ಪಾರ್ಟಿಶನ್, ಹಳೆಯ ಸಿ, ನನ್ನ ಡಿ, ಒಂದೊಂದನ್ನೂ ತೋರಿಸಿ ಹೇಳಿದ. ಹಳೆಯ ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಅಲ್ಲಿಗೇ ಹಾಕಿದ. ಎಷ್ಟೋ ಕಡೆ ಎಲ್ಲಾ ಪಾರ್ಟಿಶನ್ ಡಿಲೀಟ್ ಮಾಡಿ ಮುಂದೆ ಹೋಗುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಗಿರಾಕಿಯ ಫೈಲೂ ಮುಗಿಯುತ್ತವೆ.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೆ ಸಾಲದೇ ಅಂತ ಕೇಳಿದೆ. ಪೂರ್ತಿ ಹೊಸದಾಗಿ ಹಾಕುವಾಗ ಅದೂ ನಡೆಯುತ್ತದಂತೆ. ಆದರೆ ಸರಿಯಾಗಿ ನಡೆಯುತ್ತಿರುವ ವಿಂಡೋಸ್ ಇದ್ದಾಗ ಹಾಗೆ ಆಫ್ ಮಾಡಿದರೆ ಅದು ತನ್ನ ಡಿಸ್ಕ್ ಸಿಗದೆ ನೀಲಿ ಪರದೆಗೆ ಬೀಳಬಹುದು. ಎರಡು ಡಿಸ್ಕ್ ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ರೇಡ್ ಮಾಡಿದವರು ಅದನ್ನು ಮುಟ್ಟಲೇಬಾರದು. ಮಾಲೀಕರು ಪಕ್ಕದಿಂದ, "ಎಕ್ಸ್‌ಪಿ ಕಾಲದಾಗ ಇದಕ್ಕ ಎಫ್6 ಒತ್ತಿ ಫ್ಲಾಪಿ ಹಾಕಬೇಕಿತ್ರೀ, ಈಗ ಪೆನ್‌ಡ್ರೈವ್ ನಡೀತೈತಿ" ಅಂದರು. ಸಮಸ್ಯೆ ಹಳೆಯದೇ ಅಂತ ಆಗ ತಿಳಿಯಿತು.

ಕೊರತೆಯೂ ಇದೆ. ಫೋನ್ ಎತ್ತುವುದಿಲ್ಲ. ಮೇಜು ಒಂದೇ ಆದ್ದರಿಂದ ಮಧ್ಯಾಹ್ನದ ಮೇಲೆ ಹೋದರೆ ಕಾಯಲೇಬೇಕು. ಕೇಳದಿದ್ದರೆ ಬಿಲ್ ಕೊಡುವುದಿಲ್ಲ, ಕೇಳಿ ತೆಗೆದುಕೊಳ್ಳಿ. ನನ್ನಿಂದ 600 ರೂಪಾಯಿ ತೆಗೆದುಕೊಂಡರು. ಎರಡು ಪಟ್ಟು ಕೇಳಿದ್ದರೂ ಕೊಡುತ್ತಿದ್ದೆ.

ಹೋಗುವ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ನೆನಪಿದೆಯಾ ನೋಡಿಕೊಳ್ಳಿ. ನನ್ನ ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನ ಬೀಗ ಇರಲಿಲ್ಲ, ಹಾಗಾಗಿ ನೋಟ್‌ಪ್ಯಾಡ್‌ನಲ್ಲಿ ಎಲ್ಲಾ ತೆರೆಯಿತು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗಿರುತ್ತದೆ. ಅಂಥದ್ದಕ್ಕೆ 48 ಅಂಕಿಯ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ಆ ಖಾತೆಯಲ್ಲೇ ಇರುತ್ತದೆ. ಮನೆಯಲ್ಲೇ ಫೋನಿನಲ್ಲಿ ತೆರೆದು ಬರೆದುಕೊಂಡು ಹೋಗಿ, ಚಾರ್ಜರನ್ನೂ ಜೊತೆಗೆ ಇಟ್ಟುಕೊಳ್ಳಿ.