ಫ್ಲಾಗ್ ಕೇಸ್ ಕಿಟ್: ಮೂಲೆ ಕಟಿಂಗ್‌ಗೆ ಫುಲ್ ಮಾರ್ಕ್ಸ್, ಹಿಂದಿನ ಹಲಗೆಗೆ ಸೊನ್ನೆ

ಮೊದ್ಲೇ ಹೇಳ್ಬಿಡ್ತೀನಿ, ಮಡಚಿದ ಬಾವುಟ ಇಡೋ ತ್ರಿಕೋನ ಮರದ ಪೆಟ್ಟಿಗೆನ ನಾವೇ ಜೋಡಿಸ್ಕೊಳ್ಳೋ ಈ ಕಿಟ್‌ಗೆ 5ಕ್ಕೆ 3.5 ಕೊಡ್ತಿದ್ದೀನಿ, ಅದಷ್ಟೂ ಅದರಲ್ಲಿರೋ ಮೂರು ವಾಲ್‌ನಟ್ ಮರದ ತುಂಡುಗಳಿಗೆ. ಮಿಕ್ಕಿದ್ದು, ಅಂದ್ರೆ ಹಿಂದಿನ ಹಲಗೆ, ಮುಂದೆ ಗಾಜಿನ ಬದಲು ಹಾಕೋ ಅಕ್ರಿಲಿಕ್ ಪ್ಲಾಸ್ಟಿಕ್ ಶೀಟು, ಸ್ಟಿಕ್ಕರ್ ಥರ ಅಂಟಿಸೋ ಫೆಲ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಇನ್‌ಸ್ಟ್ರಕ್ಷನ್ ಪೇಪರು, ಯಾವುದಕ್ಕೂ ಮಾರ್ಕ್ಸ್ ಇಲ್ಲ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಆನ್‌ಲೈನಲ್ಲಿ ಸಿಗೋ ಕಿಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಏನು ನೋಡಿ ತಗೋಬೇಕು ಅಂತ ಹೇಳ್ತೀನಿ.

ಇದೇನು ಅಂತ ಗೊತ್ತಿಲ್ದೋರಿಗೆ ಸ್ವಲ್ಪ. ಇಲ್ಲಿ ಅಮೆರಿಕಾದಲ್ಲಿ ಮಿಲಿಟರಿಲಿ ಒಳ್ಳೆ ಹೆಸರಲ್ಲಿ ಸರ್ವೀಸ್ ಮುಗಿಸಿ ಬಂದೋರು ತೀರಿಕೊಂಡ್ರೆ ಸರ್ಕಾರದಿಂದ ಒಂದು ಬಾವುಟ ಫ್ರೀಯಾಗಿ ಬರುತ್ತೆ. ಅದಕ್ಕೆ ವೆಟರನ್ಸ್ ಅಫೇರ್ಸ್ (ಮಾಜಿ ಸೈನಿಕರ ಇಲಾಖೆ)ನೋರ 27-2008 ನಂಬರಿನ ಒಂದು ಫಾರಂ ಇದೆ, ಬಾವುಟ ಪೋಸ್ಟಾಫೀಸಲ್ಲೂ ಸಿಗುತ್ತೆ, ಆದ್ರೆ ಸಾಮಾನ್ಯವಾಗಿ ಅಂತ್ಯಕ್ರಿಯೆ ನಡೆಸಿಕೊಡೋ ಫ್ಯೂನರಲ್ ಹೋಮ್‌ನೋರೇ ಓಡಾಡಿ ತಂದ್ಕೊಡ್ತಾರೆ. ಶವಪೆಟ್ಟಿಗೆ ಮೇಲೆ, ನಕ್ಷತ್ರ ಇರೋ ನೀಲಿ ಭಾಗ ತಲೆ ಕಡೆ ಎಡಭುಜದ ಮೇಲೆ ಬರೋ ಹಾಗೆ ಹೊದಿಸ್ತಾರೆ, ಗುಂಡಿಗೆ ಇಳಿಸೋ ಮುಂಚೆ ತೆಗೆದು ತ್ರಿಕೋನ ಮಡಚಿ ಮನೆಯೋರ ಕೈಗೆ ಕೊಡ್ತಾರೆ. (ನಮ್ಮ ಇಂಡಿಯಾದ ಫ್ಲಾಗ್ ಕೋಡಲ್ಲೂ ಹಂಗೇ, ಬಾವುಟ ಗುಂಡಿಗೂ ಇಳಿಸಂಗಿಲ್ಲ, ಚಿತೆಲೂ ಸುಡಂಗಿಲ್ಲ.) ಒಬ್ಬ ಸೈನಿಕರಿಗೆ ಒಂದೇ ಬಾವುಟ, ಕಳೆದ್ರೆ ಹರಿದ್ರೆ ಸರ್ಕಾರ ಇನ್ನೊಂದು ಕೊಡಲ್ಲ. ಈ ಕೇಸ್ ಮಾಡುವಾಗ ಅಷ್ಟೊಂದು ಯೋಚನೆ ಮಾಡಬೇಕಾಗಿರೋದೇ ಇದಕ್ಕೆ.

ನಮ್ಮ ಪಕ್ಕದ್ಮನೆ ತಾತ ವಿಯೆಟ್ನಾಂ ಯುದ್ಧದ ಕಾಲದಲ್ಲಿ ನೇವಿಲಿದ್ದೋರು. ಅವರು ಹೋದ್ಮೇಲೆ ಅಜ್ಜಿ ಬಾವುಟನ ಫ್ಯೂನರಲ್ ಹೋಮ್‌ನೋರು ಕೊಟ್ಟ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲೇ ಬಟ್ಟೆ ಬೀರುಲಿ ಇಟ್ಕೊಂಡಿದ್ರು. ವೀಕೆಂಡ್ ಬಂದ್ರೆ ಸಾಕು ನನ್ನ ಗರಾಜಲ್ಲಿ ಗರಗಸದ ಗಲಾಟೆ, ಅದನ್ನ ವರ್ಷಗಟ್ಟಲೆ ಸಹಿಸ್ಕೊಂಡಿರೋ ಹೆಂಗಸು ಒಂದು ಪೆಟ್ಟಿಗೆ ಮಾಡ್ಕೊಡು ಅಂದ್ರೆ ಇಲ್ಲ ಅನ್ನೋಕಾಗುತ್ತಾ.

ಟೂಲ್ಸ್ ಇದ್ದೂ ಕಿಟ್ ಯಾಕೆ ತಗೊಂಡೆ ಅಂತ ಕೇಳ್ಬಹುದು. ಮೂಲೆ ಕಾರಣ. ಮೂರು ಕಡ್ಡಿ ಜೋಡಿಸಿದ್ರೆ ಮುಗೀತು ಅನ್ಸುತ್ತೆ ನೋಡೋಕೆ, ಮೇಲಿನ ಮೂಲೆ 90 ಡಿಗ್ರಿ, ಫೋಟೋ ಫ್ರೇಮ್ ಥರ ಎರಡೂ ಕಡೆ 45ಕ್ಕೆ ಕೊಯ್ದ್ರೆ ಕೂರುತ್ತೆ. ಕೆಳಗಿನ ಎರಡು ಮೂಲೆಗಳದ್ದೇ ತಲೆನೋವು, ಅವು 45 ಡಿಗ್ರಿ ಮೂಲೆಗಳು, ಅಂದ್ರೆ ಒಂದೊಂದು ಹಲಗೆ ತುದೀನೂ 22.5 ಡಿಗ್ರಿಗೆ ಚೂಪಾಗಿ ಬರಬೇಕು. ಟೇಬಲ್ ಸಾ (ಮೇಜಿನ ಗರಗಸ) ಬ್ಲೇಡ್ ವಾಲೋದು 45ರ ತನಕ ಅಷ್ಟೆ, ಹಲಗೆ ಮಲಗಿಸಿ ಕೊಯ್ಯೋಕೆ ಹೋದ್ರೆ 67.5 ಬೇಕು, ಅಷ್ಟು ವಾಲಲ್ಲ. ಬ್ಲೇಡನ್ನ 22.5ಕ್ಕೆ ವಾಲಿಸಿ, ಹಲಗೆನ ತುದಿ ಮೇಲೆ ನೆಟ್ಟಗೆ ನಿಲ್ಲಿಸಿ, ಎತ್ತರದ ಫೆನ್ಸ್‌ಗೆ (ಗರಗಸದ ಪಕ್ಕದ ಆಸರೆ ಪಟ್ಟಿ) ಕ್ಲ್ಯಾಂಪ್ ಹಾಕಿ ತಳ್ಳಬೇಕು. ಅದಕ್ಕೊಂದು ಜಿಗ್, ಅಂದ್ರೆ ಹಲಗೆ ಅಲ್ಲಾಡದ ಹಾಗೆ ಹಿಡಿಯೋ ಚೌಕಟ್ಟು, ಕಟ್ಕೋಬೇಕು. ಒಂದೇ ಒಂದು ಕೇಸ್‌ಗೋಸ್ಕರ ಜಿಗ್ ಕಟ್ಟೋದು, ವೇಸ್ಟ್ ಮರದಲ್ಲಿ ಟೆಸ್ಟ್ ಮಾಡೋದು, ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದ್ರೂ ಸಂದಿ ಬಾಯಿ ಬಿಟ್ಕೊಳ್ಳುತ್ತೆ. ಕಿಟ್‌ಗೆ ಎಪ್ಪತ್ತು ಚಿಲ್ಲರೆ ಡಾಲರ್ ಕೊಟ್ಟಿದ್ದು ಈ ನಾಲ್ಕು ಕಟ್‌ಗೆ, ಅದರಲ್ಲಿ ಮೋಸ ಇಲ್ಲ. ಅಂಟು ಹಾಕದೆ ಸುಮ್ನೆ ಜೋಡಿಸಿ ಲೈಟಿಗೆ ಹಿಡಿದ್ರೆ ಸಂದಿಲಿ ಬೆಳಕು ಬರಲಿಲ್ಲ.

ಅಳತೆ ವಿಷಯದಲ್ಲಿ ಮಾತ್ರ ಹುಷಾರು. ಈ ಬಾವುಟ 5 ಅಡಿಗೆ 9.5 ಅಡಿ, ಮಾಮೂಲಿ ಮನೆ ಮುಂದೆ ಹಾರಿಸೋ 3 ಅಡಿಗೆ 5 ಅಡಿದಲ್ಲ. ವೆಬ್‌ಸೈಟಲ್ಲಿ ಎರಡೂ ಸೈಜಿನ ಕೇಸ್ ಒಂದೇ ಫೋಟೋ ಹಾಕಿ ಮಾರ್ತಾರೆ, ಸಣ್ಣದರ ರೇಟು ಕಮ್ಮಿ ಇರುತ್ತೆ ಅಂತ ಅದಕ್ಕೆ ಆಸೆ ಬೀಳ್ಬೇಡಿ. ಲೆಕ್ಕ ಇಷ್ಟೆ, 5 ಅಡಿ ಅಂದ್ರೆ 60 ಇಂಚು, ಉದ್ದಕ್ಕೆ ಎರಡು ಸಲ ಮಡಚಿದ್ರೆ 15 ಇಂಚಿನ ಪಟ್ಟಿ ಆಗುತ್ತೆ, ಆಮೇಲೆ ಒಂದು ತುದಿಯಿಂದ ಪಟ್ಟಿ ಸಮೋಸ ಸುತ್ತಿದ ಹಾಗೆ (ಬೇರೆ ಹೋಲಿಕೆ ಸಿಗ್ತಿಲ್ಲ, ಅಜ್ಜಿಗೆ ಹೇಳ್ಬೇಡಿ) ತ್ರಿಕೋನ ತ್ರಿಕೋನವಾಗಿ ಮಡಚ್ತಾ ಹೋಗ್ತಾರೆ, ಒಟ್ಟು 13 ಮಡಿಕೆ ಅಂತಾರೆ, ಕೊನೆಗೆ ಕೆಂಪು ಬಿಳಿ ಪಟ್ಟಿ ಎಲ್ಲ ಒಳಗೆ ಹೋಗಿ ನೀಲಿ ಮಾತ್ರ ಕಾಣಬೇಕು. ಆಗ ಎರಡು ಬದಿ ಸುಮಾರು 15 ಇಂಚು, ತಳ 21 ಚಿಲ್ಲರೆ. ಬಟ್ಟೆ ದಪ್ಪಕ್ಕೆ ಸ್ವಲ್ಪ ಜಾಗ ಬಿಟ್ರೆ ಕೇಸ್ ಒಳಗೆ ತಳ 22.5 ಇಂಚಾದ್ರೂ ಬೇಕು. ಮುಕ್ಕಾಲು ಇಂಚಿನ ಮರ ಆದ್ರೆ ಆ ಚೂಪು ಮೂಲೆಗಳೇ ಎರಡೂ ಕಡೆ ಸೇರಿ ಮೂರೂವರೆ ಇಂಚಿಗಿಂತ ಜಾಸ್ತಿ ತಿಂದುಬಿಡ್ತವೆ, ಅದಕ್ಕೇ ಹೊರಗಡೆ 26 ಇಂಚು ಅಂತ ಇರೋದು ಒಳಗೆ ಇಪ್ಪತ್ತೆರಡೂವರೆನೇ. ಲಿಸ್ಟಿಂಗಲ್ಲಿ ಹೊರಗಿನ ಅಳತೆ ಮಾತ್ರ ಹಾಕಿರ್ತಾರೆ, ಒಳಗಿಂದು ಮೆಸೇಜ್ ಹಾಕಿ ಕೇಳಿ.

ಆಳ ಈ ಕಿಟ್‌ದು 3 ಇಂಚು, ನನ್ನ ಪ್ರಕಾರ ಸಾಲದು. ಸಮಾಧಿ ಹತ್ರ ಬಾವುಟ ಮಡಚಿದ ಮಿಲಿಟರಿ ಹುಡುಗರು ಬಿಗಿಯಾಗಿ ಮಡಚಿದ್ರೆ ಸರಿ, ಕೆಲವು ಬಾವುಟ ಹೊಟ್ಟೆ ಉಬ್ಬಿರುತ್ತೆ, ಮೂರೂವರೆ ಇರೋ ಕಿಟ್ ಸಿಕ್ರೆ ಅದನ್ನೇ ತಗೊಳ್ಳಿ. ಮತ್ತೆ ಟೆಸ್ಟ್ ಮಾಡೋಕೆ ಅಸಲಿ ಬಾವುಟ ಮುಟ್ಟಲೇಬೇಡಿ, ಪ್ಲಾಸ್ಟಿಕ್ ಕವರ್ ಮೇಲಿಂದಾನೇ ಟೇಪ್ ಹಿಡಿದು ಅಳತೆ ತಗೊಳ್ಳಿ. ನಾನು ಹಳೆ ಬೆಡ್‌ಶೀಟ್ ಒಂದನ್ನ ಅದೇ ಅಳತೆಗೆ ಕತ್ತರಿಸಿ ಮಡಚಿ ಟೆಸ್ಟ್ ಪೀಸ್ ಮಾಡ್ಕೊಂಡೆ. ಸಮಾಧಿ ಹತ್ರ ಯೂನಿಫಾರಂ ಹಾಕ್ಕೊಂಡು ನಿಂತು ಮಡಚಿಕೊಟ್ಟಿದ್ದನ್ನ ನಮ್ಮ ಪೆಟ್ಟಿಗೆಗೆ ಕೂರಲಿಲ್ಲ ಅಂತ ಬಿಚ್ಚಿ ಮತ್ತೆ ಮಡಚೋದು ಏನು ಚೆನ್ನಾಗಿರುತ್ತೆ ಹೇಳಿ.

ಪ್ಯಾಕಿಂಗ್ ಸುಮಾರು. ಬಾಕ್ಸ್ ಬಂದಾಗ ತಳದ ತುಂಡಿನ ಒಂದು ಚೂಪು ತುದಿ ಮುರಿದಿತ್ತು, 22.5 ಡಿಗ್ರಿ ತುದಿ ಅಂದ್ರೆ ಹಪ್ಪಳದಷ್ಟೇ ತೆಳು, ಸುತ್ತ ಒಂದು ಕಾರ್ಡ್‌ಬೋರ್ಡ್ ಸುತ್ತಿದ್ರೆ ಆಗ್ತಿತ್ತು. ಫೋಟೋ ಕಳಿಸಿದೆ, ಪ್ರಶ್ನೆ ಗಿಶ್ನೆ ಏನಿಲ್ಲದೆ ಹೊಸ ತುಂಡು ಕಳಿಸಿದ್ರು, ಆ ಸರ್ವೀಸ್‌ಗೆ ಥ್ಯಾಂಕ್ಸ್. ಆದ್ರೆ ಹೊಸ ತುಂಡಿನ ಬಣ್ಣ ಉಳಿದೆರಡಕ್ಕಿಂತ ಒಂದು ಶೇಡ್ ತಿಳಿ, ವಾಲ್‌ನಟ್‌ನಲ್ಲಿ ಅದು ಎದ್ದು ಕಾಣುತ್ತೆ. ಕೆಳಗೆ ಇರೋದ್ರಿಂದ ಪರವಾಗಿಲ್ಲ ಅಂತ ಬಿಟ್ಟೆ.

ಅಂಟಿಸೋ ವಿಧಾನ ಅವರ ಪೇಪರಲ್ಲಿ ಬೆಲ್ಟ್ ಕ್ಲ್ಯಾಂಪ್ ಅಂತ ಇದೆ, ಬೇಡ, ಚೂಪು ಮೂಲೆಲಿ ಬೆಲ್ಟ್ ಎಳೆದ್ರೆ ಹಲಗೆಗಳು ಜಾರ್ತವೆ. ಮೂರೂ ತುಂಡನ್ನ ಹೊರಮುಖ ಮೇಲೆ ಮಾಡಿ ಸಾಲಾಗಿ ತುದಿಗೆ ತುದಿ ಇಟ್ಟು, ಸಂದಿ ಮೇಲೆ ಪೇಂಟರ್ ಟೇಪ್ ಬಿಗಿಯಾಗಿ ಎಳೆದು ಅಂಟಿಸಿ, ತಿರುಗಿಸಿ, ಟೈಟ್‌ಬಾಂಡ್ ಅನ್ನೋ ಮರದ ಅಂಟು ಹಚ್ಚಿ, ಹಂಗೇ ಮಡಚ್ತಾ ಬಂದ್ರೆ ತ್ರಿಕೋನ ತಾನೇ ಮುಚ್ಕೊಳ್ಳುತ್ತೆ, ಕೊನೆ ಮೂಲೆಗೂ ಟೇಪ್. ಒಂದು ವಿಷಯ, ಇವೆಲ್ಲ ಮರದ ಅಡ್ಡ ಕೊಯ್ದ ಮುಖಗಳು, ಅಂಟನ್ನ ಕುಡಿದುಬಿಡ್ತವೆ, ಅದಕ್ಕೆ ಮೊದಲು ತೆಳ್ಳಗೆ ಒಂದು ಕೋಟ್ ಹಚ್ಚಿ ಐದು ನಿಮಿಷ ಬಿಟ್ಟು ಆಮೇಲೆ ಎರಡನೇ ಕೋಟ್ ಹಚ್ಚಿ ಕೂರಿಸಿ.

ಈಗ ಬೈಯೋ ಭಾಗ. ಹಿಂದಿನ ಹಲಗೆ ಅಂತ ಕೊಟ್ಟಿರೋದು ಕಾಲಿಂಚು ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ), ಅದೂ ಬರಿ ಮೈ, ಬಾಕ್ಸ್ ತೆಗೆದ ತಕ್ಷಣ ಹೊಸ ಪ್ಲೈವುಡ್ ಅಂಗಡಿ ವಾಸನೆ. ಹತ್ತಿ ಬಾವುಟ ವರ್ಷಾನುಗಟ್ಟಲೆ ಮುಚ್ಚಿದ ಪೆಟ್ಟಿಗೆಲಿ ಅದಕ್ಕೇ ಅಂಟ್ಕೊಂಡು ಕೂರಬೇಕಾ? ಎಂಡಿಎಫ್‌ನ ಅಂಟಿಂದ ಫಾರ್ಮಾಲ್ಡಿಹೈಡ್ ಬರುತ್ತೆ, ಮರದಿಂದಾನೂ ಆಮ್ಲದ ಆವಿ ಬರುತ್ತೆ, ಓಕ್ ಅಂತೂ ಇದಕ್ಕೆ ಕುಖ್ಯಾತ, ಮ್ಯೂಸಿಯಂನೋರು ಓಕ್ ಶೋಕೇಸ್ ಅಂದ್ರೆ ದೂರ ಓಡ್ತಾರೆ. ಇದೇ ಕಿಟ್ ಓಕ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ, ದಯವಿಟ್ಟು ವಾಲ್‌ನಟ್ಟೋ ಚೆರ್ರಿನೋ ತಗೊಳ್ಳಿ. ಆ ಎಂಡಿಎಫ್ ಕಿತ್ತು ಬಿಸಾಕಿ, ಒಳ್ಳೆ ಪ್ಲೈವುಡ್ ಹಾಕಿ, ಅದರ ಮೇಲೆ ಫ್ರೇಮ್ ಅಂಗಡಿಲಿ ಸಿಗೋ ಆಸಿಡ್ ಇಲ್ಲದ ಬೋರ್ಡ್ ಇಟ್ಟು, ಊರಿಂದ ತಂದಿದ್ದ ಬಿಳಿ ಮಲ್ ಬಟ್ಟೆನ ಗಂಜಿ ಹೋಗೋವರೆಗೂ ಒಗೆದು ಅದಕ್ಕೆ ಹೊದಿಸಿದೆ. ಅವರ ಫೆಲ್ಟ್ ಗೋಂದು ಸಮೇತ ಕಸದ ಬುಟ್ಟಿಗೆ.

ಅಕ್ರಿಲಿಕ್ ಶೀಟ್ ತೆಳು, ಬಿಸಿಲಿನ ಯುವಿ ಕಿರಣ ತಡೆಯೋ ಥರದ್ದಲ್ಲ. ನೀಲಿ ಬಟ್ಟೆ ಬೆಳಕಿಗೆ ಬೇಗ ಮಾಸುತ್ತೆ, ಯುವಿ ಫಿಲ್ಟರ್ ಇರೋ ಶೀಟನ್ನ ಫ್ರೇಮ್ ಅಂಗಡಿಲಿ ತ್ರಿಕೋನ ಕತ್ತರಿಸ್ಕೊಡ್ತಾರೆ, ಸುತ್ತ ಒಂದು ಕೂದಲೆಳೆ ಸಡಿಲ ಇರಲಿ, ಸೆಖೆಗೆ ಅಕ್ರಿಲಿಕ್ ಹಿಗ್ಗುತ್ತೆ. ಒರೆಸೋಕೆ ಗಾಜು ಒರೆಸೋ ಅಮೋನಿಯಾ ಸ್ಪ್ರೇ ಹಾಕಂಗಿಲ್ಲ, ಸಣ್ಣ ಸಣ್ಣ ಬಿರುಕು ಬಿಡುತ್ತೆ, ಒದ್ದೆ ಮೆತ್ತನೆ ಬಟ್ಟೆ ಸಾಕು. ಫಿಲ್ಟರ್ ಇದೆ ಅಂತ ಬಿಸಿಲು ಬೀಳೋ ಕಿಟಕಿ ಎದುರು ನೇತುಹಾಕ್ಬೇಡಿ ಮತ್ತೆ. ಫೈರ್‌ಪ್ಲೇಸ್ ಮೇಲೂ ಬೇಡ, ಇಲ್ಲಿ ಎಲ್ರೂ ಇಡೋದು ಅಲ್ಲೇ, ಬಿಸಿ ಮಸಿ ಎರಡೂ ಅಲ್ಲೇ.

ಫಿನಿಶಿಂಗ್‌ಗೆ ಕಿಟ್ ಪೇಪರಲ್ಲಿ ಡ್ಯಾನಿಶ್ ಆಯಿಲ್ ಹಚ್ಚಿ ಅಂತ ಬರೆದಿದ್ದಾರೆ. ಮರ ಚೆನ್ನಾಗೇ ಕಾಣುತ್ತೆ, ಆದ್ರೆ ಎಣ್ಣೆ ಪೂರ್ತಿ ಒಣಗಿ ವಾಸನೆ ಹೋಗೋಕೆ ವಾರಗಳೇ ಬೇಕು, ಅಲ್ಲಿತನಕ ಬಾವುಟ ಒಳಗಿಡಂಗಿಲ್ಲ. ನಾನು ಶೆಲ್ಲ್ಯಾಕ್ ಹಚ್ಚಿದೆ, ಅದೇ ನಮ್ಮ ಅರಗು, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡೋದೂ ಅರಗೇ. ಆಲ್ಕೋಹಾಲಲ್ಲಿ ಕರಗಿರುತ್ತೆ, ಅದು ಹಾರಿಹೋದ್ರೆ ಮುಗೀತು, ಒಂದೇ ದಿನದಲ್ಲಿ ಎರಡ್ಮೂರು ಕೋಟ್ ಹೊಡೀಬಹುದು. ಒದ್ದೆ ಲೋಟ ಇಟ್ರೆ ಬಿಳಿ ಕಲೆ ಆಗುತ್ತೆ ಅನ್ನೋದೊಂದು ತೊಂದರೆ, ಬಾವುಟದ ಪೆಟ್ಟಿಗೆ ಮೇಲೆ ಕಾಫಿ ಲೋಟ ಯಾರಿಡ್ತಾರೆ.

ಹೆಸರಿನ ಹಿತ್ತಾಳೆ ಪ್ಲೇಟ್‌ಗೆ ಎಕ್ಸ್‌ಟ್ರಾ ದುಡ್ಡು, ಕೆತ್ತನೆ ನೀಟಾಗಿದೆ, ಆದ್ರೆ ಹಿಂದೆ ಡಬಲ್ ಸೈಡ್ ಟೇಪ್ ಹಾಕಿ ಕಳಿಸ್ತಾರೆ, ಅದನ್ನ ಕಿತ್ತು ಎರಡು ಸಣ್ಣ ಹಿತ್ತಾಳೆ ಸ್ಕ್ರೂ ಹಾಕಿ. ಆರ್ಡರ್ ಮಾಡೋ ಮುಂಚೆ ಹೆಸರು, ರ್‍ಯಾಂಕ್, ಸರ್ವೀಸ್ ವರ್ಷ ಎಲ್ಲ ಮನೆಯೋರ ಕೈಲೇ ಒಂದು ಚೀಟಿಲಿ ಬರೆಸ್ಕೊಳ್ಳಿ, ಅಜ್ಜಿ ನೇವಿ ಡಿಸ್ಚಾರ್ಜ್ ಪೇಪರ್ ತಂದು ಮುಂದಿಟ್ಟು ಬರೆದುಕೊಟ್ರು. ಕೆಲವರು ಸಮಾಧಿ ಹತ್ರ ಗೌರವಕ್ಕೆ ಅಂತ ಹಾರಿಸಿದ ಗುಂಡಿನ ಖಾಲಿ ತೋಟಾನೂ ಬಾವುಟದ ಮಡಿಕೆ ಒಳಗೇ ಸೇರಿಸ್ತಾರೆ, ಹಿತ್ತಾಳೆ ಕಿಲುಬು ಹಿಡಿದು ಬಟ್ಟೆಗೆ ಕಲೆ ಆಗುತ್ತೆ, ತಳದಲ್ಲಿ ಪ್ರತ್ಯೇಕ ಸಣ್ಣ ಡ್ರಾಯರ್ ಇರೋ ಮಾಡೆಲ್ ಬರುತ್ತೆ, ಅದು ಬೇಕಾದೋರು ಅದನ್ನ ನೋಡಿ.

ಫೋಟೋ ಹಾಕಿ ಅಂತ ಕಂಪನಿಯೋರು ಮೇಲ್ ಮೇಲೆ ಮೇಲ್ ಕಳಿಸ್ತಿದ್ದಾರೆ. ಪ್ಲೇಟ್ ಮೇಲೆ ತಾತನ ಹೆಸರಿರೋದ್ರಿಂದ ಮುಂದಿನ ಫೋಟೋ ಹಾಕಲ್ಲ, ಕೆಳಗಿನ ಎಡಮೂಲೆದು ಕ್ಲೋಸಪ್ ಹಾಕಿದ್ದೀನಿ, ಸಂದಿ ಎಷ್ಟು ಬಿಗಿಯಾಗಿ ಕೂತಿದೆ ಅಂತ ಝೂಮ್ ಮಾಡಿ ನೋಡ್ಕೊಳ್ಳಿ.